ಬಿದ್ದದ್ದನ್ನು ಎಬ್ಬಿಸಿದ ಶೀನ

ಕಡಲ ಬದಿಯಲ್ಲೊಬ್ಬಳು ಕಲ್ಯಾಣಿಯಕ್ಕ. ಅವಳಿಗೊಬ್ಬ ಪೆದ್ದ ಮಗ, ಶೀನ. ಗಂಡ ಆಳಸಮುದ್ರದ ಬೋಟಿಗೆ ಹೋದವನು ಇನ್ನೂ ಬಂದಿಲ್ಲ. ಬೋಟಿನವರ ಮಾತು ಬಂದರಿನ ಆಫೀಸಿನ ಸರ್ವರಿಗೆ ಬಂದು, ಅಲ್ಲಿಂದ ಮನೆಮನೆಯ ಫೋನಿಗೆ ಹೋಗಬೇಕು. ಆ ಸರ್ವರ್ ಕಾಯುವ ಕೆಲಸ ಶೀನನದ್ದು. ರಿಂಗಾದರೆ ಹಿತ್ತಿಲಿಗೂ ಕೇಳಲಿ ಅಂತ ಕಲ್ಯಾಣಿಯಕ್ಕ ಫೋನನ್ನು ಕಂಚಿನ ಬಟ್ಟಲಲ್ಲಿ ಇಟ್ಟಿದ್ದಳು.

"ಅಪ್ಪನ ಮಾತು ಬಂತೇನಾ?"

"ಇಲ್ಲಮ್ಮ. ಮಾತು ಕಳಿಸುವ ಪ್ರೋಗ್ರಾಮ್ ಬೆಳಿಗ್ಗೆಯೇ ಬಿದ್ದುಹೋಯ್ತು."

"ನೀನೆಂತ ಮಾಡಿದೆ?"

"ನೋಡ್ತಾ ಕೂತೆ. ಕಾಯ್ಲಿಕ್ಕೆ ಅಲ್ವಾ ಹೇಳಿದ್ದು?"

"ಅಯ್ಯೋ ಪೆದ್ದೇ! ಬಿದ್ರೆ ಕೂಡಲೇ ಎಬ್ಬಿಸ್ಬೇಕು!"

"ಆಯ್ತಮ್ಮ."

ಮರುದಿನ ಸರ್ವರ್ ರಿಪೇರಿಯ ದಾಮಣ್ಣ ಬಂದು ಪ್ರೋಗ್ರಾಮನ್ನು ತಾನೇ ನಿಲ್ಲಿಸಿದ. ಶೀನ ಎಬ್ಬಿಸಿದ. ಅವ ನಿಲ್ಲಿಸಿದ, ಇವ ಎಬ್ಬಿಸಿದ. ಅರ್ಧ ರಿಪೇರಿಯಲ್ಲಿ ಎದ್ದ ಪ್ರೋಗ್ರಾಮು ಒಬ್ಬಳ ಗಂಡನ ಮಾತನ್ನು ಇನ್ನೊಬ್ಬಳಿಗೆ ಕಳಿಸಿತು! ಕೇರಿಯಲ್ಲಿ ಜಗಳವೋ ಜಗಳ.

"ಬೇಕೂಂತ ನಿಲ್ಲಿಸಿದ್ದನ್ನು ಎಬ್ಬಿಸ್ಬಾರ್ದು ಮಾರಾಯಾ! ತಾನಾಗಿ ಬಿದ್ರೆ ಮಾತ್ರ ಎಬ್ಬಿಸು!"

"ಆಯ್ತು ದಾಮಣ್ಣ."

ಅದರ ಮರುದಿನ ಡಿಸ್ಕ್ ತುಂಬಿ, ಪ್ರೋಗ್ರಾಮು ತಾನಾಗಿಯೇ ಬಿತ್ತು. ಎಬ್ಬಿಸಿದ, ಬಿತ್ತು. ಎಬ್ಬಿಸಿದ, ಬಿತ್ತು. ಎದ್ದಾಗೆಲ್ಲ ಮೊದಲಿನ ಒಂದೇ ಮಾತು ಕಳಿಸಿ ಬೀಳುತ್ತಿತ್ತು. ಪಕ್ಕದ ಮನೆ ಲೋಲಾಕ್ಷಿಯ ಫೋನಲ್ಲಿ ಸಂಜೆಯವರೆಗೆ ಅವಳ ಗಂಡನದ್ದು ಒಂದೇ ರಾಗ: "ಕೋಳಿಗಳನ್ನು ಗೂಡಿಗೆ ಹಾಕಿದ್ಯಾ?" ಕಲ್ಯಾಣಿಯಕ್ಕ ಬೇಲಿಯ ಹತ್ತಿರ ನಿಂತೇ ಇದ್ದಳು. ಬೇರೆಯವಳ ಗಂಡನದ್ದಾದರೂ ಕಡಲಿನಿಂದ ಬಂದ ಮಾತಲ್ವಾ!

ದಾಮಣ್ಣ ತಲೆ ಚಚ್ಚಿಕೊಂಡ. "ಮತ್ತೆ ಮತ್ತೆ ಬಿದ್ರೆ ಒಳಗೆ ಎಂತದೋ ಕೆಟ್ಟಿದೆ ಅಂತ! ಎಬ್ಬಿಸ್ತಾ ಇರ್ಬೇಡ. ಹಾಗೇ ಬಿಟ್ಟು ನನ್ನ ಕರಿ!"

ಅಮ್ಮನೂ ಹೇಳಿದಳು. "ನೀನು ಕರೀತಾ ಅಂಗಳಕ್ಕೆ ಬಂದಾಗೆಲ್ಲ, ಅಪ್ಪನ ಮಾತು ಬಂತೂಂತ ನನ್ನ ಎದೆ ಹಾರ್ತದೆ ಮಗಾ. ಅಪ್ಪನ ಮಾತು ಬಂದ್ರೆ ಮಾತ್ರ ಕರಿ. ಬೇರೆ ಎಂತದಕ್ಕೂ ಕರೀಬೇಡ."

"ಆಯ್ತಮ್ಮ."

ಬೆಳಿಗ್ಗೆ ಶೀನ ಕೆಲಸಕ್ಕೆ ಹೊರಟರೆ, ದಡದಲ್ಲಿ ಬೋಟು! ಅಪ್ಪ ಇಳಿದ. ತೂಗುವ ಬೋಟಿಗೆ ಒಗ್ಗಿದ ಕಾಲು, ಮರಳಲ್ಲಿ ನಿಲ್ಲಲಿಲ್ಲ. ಧೊಪ್ಪನೆ ಬಿದ್ದ.

"ಅಪ್ಪಾ, ಬೇಕೂಂತ ಬಿದ್ದದ್ದಾ, ತಾನಾಗಿ ಬಿದ್ದದ್ದಾ?"

"ತಾನಾಗಿ ಮಾರಾಯಾ! ಕೈ ಕೊಡು!"

ಎಬ್ಬಿಸಿದ, ಬಿದ್ದ. ಎಬ್ಬಿಸಿದ, ಬಿದ್ದ. ಶೀನ ಹಾಗೇ ಬಿಟ್ಟು ಓಡಿದ. ಮನೆಯ ಎದುರಿನಿಂದಲೇ ಓಡಿದ, ಅಮ್ಮನನ್ನು ಕರೆಯಲಿಲ್ಲ.

"ಎಲ್ಲಿಗೋ?" ಅಂಗಳದಿಂದ ಅಮ್ಮನೇ ಕೂಗಿದಳು.

"ದಾಮಣ್ಣನ್ನ ಕರೀಲಿಕ್ಕೆ. ಅಪ್ಪ ಮತ್ತೆ ಮತ್ತೆ ಬೀಳ್ತಿದ್ದಾನೆ."

"ಅಪ್ಪನಾ! ಬಂದ್ರಾ! ನನಗ್ಯಾಕೆ ಹೇಳ್ಲಿಲ್ಲ?"

"ಮಾತು ಬರ್ಲಿಲ್ಲ ಅಮ್ಮ. ಬರೀ ಅಪ್ಪ ಬಂದದ್ದು."

ಕಲ್ಯಾಣಿಯಕ್ಕ ಸೆರಗು ಜಾರಿದ್ದೂ ನೋಡದೆ ದಡಕ್ಕೆ ಓಡಿದಳು. ಅಷ್ಟರಲ್ಲಿ ಅತ್ತ ದಾಮಣ್ಣ ಡಿಸ್ಕ್ ಖಾಲಿ ಮಾಡಿ ಪ್ರೋಗ್ರಾಮು ಸರಿಮಾಡಿದ್ದ. ಇತ್ತ ಮನೆಯಲ್ಲಿ ಕಂಚಿನ ಬಟ್ಟಲು ಗಣಗಣ ಅಂತು. ಶೀನ ಫೋನ್ ಕಿವಿಗಿಟ್ಟ. ಅಪ್ಪ ಬೋಟಿನಿಂದ ಮೊದಲೇ ಕಳಿಸಿದ್ದ ಮಾತು.

"ಕಲ್ಯಾಣೀ, ಹೊರಟಿದ್ದೇನೆ. ದಡಕ್ಕೆ ಬಾ."

ಶೀನ ಅಮ್ಮನ ಹಿಂದೆ ಓಡಿದ. ಅವಳಿನ್ನೇನು ಗಂಡನ ಕೈ ಹಿಡಿಯಬೇಕು, ಶೀನ ಅವಳ ರಟ್ಟೆ ಹಿಡಿದು ಮನೆ ಕಡೆ ಎಳೆದ.

"ಅಮ್ಮಾ, ಅಪ್ಪನನ್ನು ಬಿಡು, ಬೇಗ ಬಾ! ಅಪ್ಪನ ಮಾತು ಬಂತು!"