ಬೋರಲುಕೊಳಗದ ಗುಡ್ಡ

ಸಂತೆಕಣಿವೆಯಿಂದ ಪೂರ್ವಕ್ಕೆ ಕಾಲು ಹರದಾರಿ ನಡೆದರೆ ಒಂದು ಬೋಳು ಗುಡ್ಡ ಸಿಗುತ್ತದೆ. ಬುಡದಲ್ಲಿ ಜಾಲಿ, ನಡುವೆ ಕಳ್ಳಿ, ನೆತ್ತಿಯ ಮೇಲೆ ಒಂದು ಕಲ್ಲುಗುಪ್ಪೆ ಮತ್ತು ಬೇಕಾದಷ್ಟು ಗಾಳಿ. ಇದಕ್ಕೆ ಬೋರಲುಕೊಳಗದ ಗುಡ್ಡವೆಂದು ಹೆಸರು. ಭೂಮಿ ಅಳೆಯಲು ಬಂದ ಅಧಿಕಾರಿಯೊಬ್ಬರು ದೂರದಿಂದಲೇ ಇದನ್ನು ನೋಡಿ, ಜೋಳ ಅಳೆಯುವ ಕೊಳಗವನ್ನು ಬೋರಲು ಹಾಕಿದ ಹಾಗಿದೆ, ಅದಕ್ಕೇ ಈ ಹೆಸರು ಬಂದಿರಬೇಕು ಎಂದು ಬರೆದುಕೊಂಡು ಹೋದರಂತೆ. ಊರಿನ ಹಿರಿಯರು ನಕ್ಕು ಸುಮ್ಮನಾದರು. ದೂರದಿಂದ ನೋಡಿದರೆ ಯಾವ ಗುಡ್ಡ ತಾನೇ ಬೋರಲು ಹಾಕಿದ ಪಾತ್ರೆಯ ಹಾಗೆ ಕಾಣುವುದಿಲ್ಲ? ಈ ಹೆಸರಿನ ಹಿಂದೆ ನಿಜವಾಗಿಯೂ ಒಂದು ಕೊಳಗವಿತ್ತು, ಅದನ್ನು ಬೋರಲು ಹಾಕಿದ ಒಬ್ಬ ಶೆಟ್ಟಿಯೂ ಇದ್ದ ಎನ್ನುತ್ತಾರೆ.

ಹಿಂದೆ ಒಮ್ಮೆ, ಇಲ್ಲಿಯ ಕೋಟೆಯಲ್ಲಿ ನಾಯಕರು ಆಳುತ್ತಿದ್ದ ಕಾಲದಲ್ಲಿ, ಸಂತೆಕಣಿವೆಯ ಪೇಟೆಯನ್ನು ಹದಿನೆಂಟು ಅಂಗಡಿಗಳ ವರ್ತಕರು ಕೂಟ ಕಟ್ಟಿಕೊಂಡು ನಡೆಸುತ್ತಿದ್ದರು. ಕೂಟದ ಹಿರಿಯನಿಗೆ ಪಟ್ಟಣಶೆಟ್ಟಿ ಎಂಬ ಪದವಿ. ಪೇಟೆಯ ನಡುವೆ ಒಂದು ಕಟ್ಟೆ, ಕಟ್ಟೆಯ ಮೇಲೆ ಹಿತ್ತಾಳೆ ಪಟ್ಟಿ ಕಟ್ಟಿದ ಮರದ ಕೊಳಗ. ಹದಿನೆಂಟು ಅಂಗಡಿಗಳ ಕೊಳಗಗಳೂ ಅದರ ಅಳತೆಗೆ ಸರಿಯಾಗಿರಬೇಕು. ರೈತನಿಂದ ಕೊಳ್ಳುವಾಗಲೂ ಅದೇ ಅಳತೆ, ಮಾರುವಾಗಲೂ ಅದೇ ಅಳತೆ. ಎರಡು ಕೊಳಗ ಇಟ್ಟವನ ಮನೆಯಲ್ಲಿ ನೀರು ಸಹ ಮುಟ್ಟುತ್ತಿರಲಿಲ್ಲ. ಪೇಟೆಗೆ ಅನ್ಯಾಯವಾದರೆ ಪಟ್ಟಣಶೆಟ್ಟಿ ಕಟ್ಟೆಯ ಕೊಳಗವನ್ನು ಬೋರಲು ಹಾಕುತ್ತಿದ್ದ. ಎಲ್ಲರೂ ಅದರ ತಳ ಮುಟ್ಟಿ, 'ಕಟ್ಟೆಯ ಮೇಲೆ ಕೊಳಗ ಬೋರಲಾಗಿ ಕಾಣುತ್ತಿರುವ ತನಕ ಕಾಳು ಅಳೆಯೆವು' ಎಂದು ಆಣೆ ಮಾಡುತ್ತಿದ್ದರು. ಹಾಕಿದವನೇ ಅದನ್ನು ಎತ್ತಿ ನೆಟ್ಟಗೆ ಇಡಬೇಕು. ಬೇರೆಯವರು ಎತ್ತಿದರೆ ಆ ಪೇಟೆಯ ಅಳತೆಗೆ ಮಾನವಿಲ್ಲ ಎಂಬುದು ಕೂಟದ ಕಟ್ಟಳೆ.

ಆಗ ಪಟ್ಟಣಶೆಟ್ಟಿಯಾಗಿದ್ದವನು ಅಂದಾನಶೆಟ್ಟಿ. ಆಡಿದ ಮಾತು ಬಿಡದವನು, ಬೇರೆಯವರು ಬಿಟ್ಟಾರು ಎಂಬ ಊಹೆಯೂ ಇಲ್ಲದವನು. ವ್ಯಾಪಾರಿಯಾಗಿ ಅಷ್ಟು ವರ್ಷ ಹೇಗೆ ಬಾಳಿದನೋ ಶಿವನೇ ಬಲ್ಲ. ಕೋಟೆಯ ನಾಯಕನಿಗೆ ಒಂದು ವರ್ಷ ದುರಾಸೆ ಹುಟ್ಟಿತು. ರೈತರಿಂದ ದೊಡ್ಡ ಕೊಳಗದಲ್ಲಿ ಕೊಳ್ಳಿ, ಊರವರಿಗೆ ಸಣ್ಣ ಕೊಳಗದಲ್ಲಿ ಮಾರಿ, ನಡುವೆ ಉಳಿದ ಕಾಳು ಕೋಟೆಗೆ ಬರಲಿ ಎಂದು ಅಪ್ಪಣೆ ಮಾಡಿ ಎರಡು ಹೊಸ ಕೊಳಗಗಳನ್ನು ಪೇಟೆಗೆ ಕಳಿಸಿದ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಅಂದಾನಶೆಟ್ಟಿ ಕಟ್ಟೆ ಹತ್ತಿ ಕೂಟದ ಕೊಳಗವನ್ನು ಬೋರಲು ಹಾಕಿದ. ಎಲ್ಲರಿಗಿಂತ ಮೊದಲು ಓಡಿಬಂದು ಅದರ ತಳ ಮುಟ್ಟಿದವನು ಸಂಕಣ್ಣಶೆಟ್ಟಿ. ಅಂದಾನಶೆಟ್ಟಿಯ ಮಗಳನ್ನು ತನ್ನ ಮಗನಿಗೆ ತಂದುಕೊಂಡ ಬೀಗ ಅವನು. "ಜೀವ ಹೋದ್ರೂ ಕೈ ತಗಿಯೂದಿಲ್ರಿ ಬೀಗರ" ಎಂದು ಅವನು ಕೂಗಿದ್ದು ಇಡೀ ಪೇಟೆಗೆ ಕೇಳಿಸಿತು.

ನಾಯಕ ಅಂದಾನಶೆಟ್ಟಿಯನ್ನು ಕೋಟೆಗೆ ಕರೆಸಿಕೊಂಡ. ಬೈಯಲಿಲ್ಲ, ಬಡಿಯಲಿಲ್ಲ, ನಕ್ಕ. ನಿನ್ನ ಕೂಟದವರನ್ನು ಅಷ್ಟು ನಂಬಿದ್ದೀಯಾ ಎಂದು ಕೇಳಿದ. ನಂಬಿದ್ದೇನೆ ಎಂದ ಶೆಟ್ಟಿ. ಹಾಗಾದರೆ ನಾಲ್ಕು ಸಂತೆಗಳ ತನಕ ಪೂರ್ವದ ಗುಡ್ಡದ ಮೇಲೆ ಒಬ್ಬನೇ ಕೂತಿರು, ನಿನ್ನ ಕಣ್ಣಿನ ಅಂಕೆಯಿಲ್ಲದೆ ಪೇಟೆ ಮುಚ್ಚಿಯೇ ಇದ್ದರೆ ನನ್ನ ಕೊಳಗಗಳನ್ನು ಒಲೆಗೆ ಹಾಕುತ್ತೇನೆ, ತೆರೆದರೆ ನೀನೇನು ಕೊಡುತ್ತೀಯ ಎಂದ. ಅಂದಾನಶೆಟ್ಟಿ ಯೋಚಿಸಲೂ ಇಲ್ಲ. ಒಂದೇ ಒಂದು ಅಂಗಡಿ ತೆರೆದರೂ ನಾನು ಪಟ್ಟಣಶೆಟ್ಟಿಯಲ್ಲ, ಈ ಊರಿನವನೂ ಅಲ್ಲ, ಅಂದೇ ಕಣಿವೆ ದಾಟಿ ಹೋಗುತ್ತೇನೆ ಎಂದು ಮಾತು ಕೊಟ್ಟು ಬಂದ. ಏಳು ತಲೆಮಾರಿನವರು ಹುಟ್ಟಿ ಮಣ್ಣಾದ ಊರನ್ನು ಅವನು ಹದಿನೇಳು ಜನರ ನಾಲಗೆಯ ಮೇಲೆ ಇಟ್ಟಿದ್ದ.

ಗುಡ್ಡಕ್ಕೆ ಹೊರಡುವಾಗ ಅವನು ಒಂದು ತಪ್ಪು ಮಾಡಿದ. ತಾನಿಲ್ಲದಾಗ ಕೋಟೆಯ ಆಳುಗಳು ಬಂದು ಕೊಳಗವನ್ನು ಒಡೆದುಹಾಕಿಯಾರು ಎಂಬ ಭಯದಿಂದ ಅದನ್ನು ಕಟ್ಟೆಯಿಂದ ತೆಗೆದು, ಬೋರಲಾಗಿಯೇ ತಲೆಯ ಮೇಲೆ ಹೊತ್ತುಕೊಂಡು ಹೋಗಿ, ನೆತ್ತಿಯ ಬಂಡೆಯ ಮೇಲೆ ಬೋರಲಾಗಿಯೇ ಇಟ್ಟ. ಹೆಂಡತಿ ಹಂಪವ್ವ ಅಂದೇ ಎಚ್ಚರಿಸಿದ್ದಳು. "ಕೊಳಗ ಕಟ್ಟಿ ಮ್ಯಾಲ ಇರ್ಲಿ, ಒಡದರ ಒಡೀಲಿ. ಚೂರಾದ್ರೂ ಕಣ್ಣಿಗೆ ಕಾಣ್ತಾವ" ಎಂದಿದ್ದಳಂತೆ. ಅಂದಾನಶೆಟ್ಟಿ ಕೇಳಲಿಲ್ಲ. ಆಣೆ ಇರುವುದು ಎದೆಯೊಳಗೆ, ಕಟ್ಟೆಯ ಮೇಲಲ್ಲ ಎಂದುಕೊಂಡಿದ್ದ.

ಮೊದಲ ಸಂತೆಯ ದಿನ ಪೇಟೆ ಬಿಕೋ ಎನ್ನುತ್ತಿತ್ತು. ಬಂದ ಬಂಡಿಗಳು ಬಂದ ಹಾಗೆಯೇ ತಿರುಗಿ ಹೋದದ್ದನ್ನು ಗುಡ್ಡದ ಮೇಲಿಂದ ನೋಡಿ ಅಂದಾನಶೆಟ್ಟಿಯ ಕಣ್ಣು ಒದ್ದೆಯಾಯಿತು. ದಿನಕ್ಕೊಂದು ಮನೆಯಿಂದ ಬುತ್ತಿ ಬರಬೇಕೆಂದು ಕೂಟದವರು ಮಾತಾಡಿಕೊಂಡಿದ್ದರು. ಒಂದು ವಾರ ತಪ್ಪದೆ ಬಂತು. ಎರಡನೆಯ ವಾರ ಮೂರು ದಿನ ಬುತ್ತಿಯಿಲ್ಲ, ಹಂಪವ್ವನೇ ರೊಟ್ಟಿ ತಂದಳು. ಮರೆತಿರಬೇಕು ಎಂದುಕೊಂಡ. ಎರಡನೆಯ ಸಂತೆಯ ಮಾರನೆಯ ದಿನ ಬೀಗರ ಮನೆಯಿಂದ ತುಪ್ಪದಲ್ಲಿ ಅದ್ದಿದ ಹೋಳಿಗೆ ಬಂತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಹೋಳಿಗೆ ಯಾಕೆ ಬಂತೆಂದು ಕೇಳುವ ಬುದ್ಧಿ ನಮ್ಮ ಶೆಟ್ಟಿಗೆ ಎಲ್ಲಿ ಬರಬೇಕು? ಎಂಥ ಬೀಗ ಸಿಕ್ಕಿದ ಎಂದು ಹಿಗ್ಗಿ ಹೀರೇಕಾಯಿಯಾದ. ಆ ಹೊತ್ತಿಗಾಗಲೇ ಕೋಟೆಯಿಂದ ಸಂಕಣ್ಣನಿಗೆ ಕರೆ ಬಂದಿತ್ತು. ಮೊದಲು ಅಂಗಡಿ ತೆರೆದವನೇ ಮುಂದಿನ ಪಟ್ಟಣಶೆಟ್ಟಿ ಎಂದು ನಾಯಕ ಅವನ ಮೂಗಿಗೆ ತುಪ್ಪ ಸವರಿದ್ದ. ಅದೇ ತುಪ್ಪದಲ್ಲಿ ಅವನು ಹೋಳಿಗೆ ಅದ್ದಿ ಕಳಿಸಿದ್ದ ಎಂದು ಊರವರು ಇಂದಿಗೂ ಆಡಿಕೊಳ್ಳುತ್ತಾರೆ.

ನಾಲ್ಕನೆಯ ಸಂತೆಯ ಬೆಳಿಗ್ಗೆ ಅಂದಾನಶೆಟ್ಟಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇದೊಂದು ದಿನ ಕಳೆದರೆ ಗೆದ್ದಂತೆ ಎಂದು ಪೇಟೆಯ ಕಡೆ ನೋಡುತ್ತ ಕೂತಿದ್ದ. ಬಿಸಿಲು ಏರುವ ಹೊತ್ತಿಗೆ ಪೇಟೆಯ ನಡುವೆ ಒಂದು ಅಂಗಡಿಯ ಮುಂದೆ ನೆರಳಿನ ಬಟ್ಟೆ ಬಿಚ್ಚಿಕೊಂಡಿತು. ಕೆಂಪು ಅಂಚಿನ ಬಟ್ಟೆ. ಮಗಳ ಮದುವೆಯಲ್ಲಿ ಬೀಗರಿಗೆಂದು ಅವನೇ ನೇಯಿಸಿ ಕೊಟ್ಟದ್ದು. ಒಣಹಾಕಿರಬಹುದು ಎಂದುಕೊಂಡ. ಪಾಪ, ಹಾಗೂ ಅಂದುಕೊಂಡ. ಅದರ ಪಕ್ಕದಲ್ಲಿ ಇನ್ನೊಂದು ಬಿಚ್ಚಿತು, ಅದರಾಚೆ ಮತ್ತೊಂದು. ಬಂಡಿಗಳು ಬಂದು ನಿಂತವು. ಮಧ್ಯಾಹ್ನದ ಹೊತ್ತಿಗೆ ಹದಿನೇಳು ಅಂಗಡಿಗಳೂ ತೆರೆದಿದ್ದವು. ಮುಚ್ಚಿದ ಒಂದೇ ಒಂದು ಅಂಗಡಿ ಅವನದು. ಅದರ ಹೊಸ್ತಿಲ ಮೇಲೆ ಹಂಪವ್ವ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಅಂದಾನಶೆಟ್ಟಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ತಾನು ಮಾಡದ ತಪ್ಪಿಗೆ ತನಗೇ ಮೈ ಹಿಡಿಯಾಯಿತು.

ಅವನು ಬರಿಗೈಯಲ್ಲಿ ಇಳಿದು ಬಂದ. ಪೇಟೆಯಲ್ಲಿ ಅಳೆಯುತ್ತಿದ್ದ ಕೈಗಳು ನಿಂತವು. ಯಾಕೆ ಹೀಗೆ ಮಾಡಿದಿರಿ ಎಂದು ಅವನು ಕೇಳಲಿಲ್ಲ. ಸಂಕಣ್ಣನೇ ಎದ್ದು ನಿಂತು, "ನಾವೇನೂ ಆಣಿ ಮುರದಿಲ್ರಿ ಬೀಗರ. ಕಟ್ಟಿ ಮ್ಯಾಲ ಕೊಳಗ ಬೋರಲಾಗಿ ಕಾಣ್ತಿರೂ ತನಕ ಅಂತ ಆಣಿ. ಕಟ್ಟಿ ಮ್ಯಾಲ ಕೊಳಗಾನ ಇಲ್ಲ. ಜ್ವಾಳಕ್ಕ ನುಸಿ ಹತ್ತಿತ್ತು, ಏನ್ ಮಾಡೂದು?" ಎಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಉಳಿದ ಹದಿನಾರು ಮಂದಿ ನೆಲ ನೋಡುತ್ತಿದ್ದರು. ಅಂದಾನಶೆಟ್ಟಿ ಅಂಗಡಿಯ ಬೀಗದ ಕೈಯನ್ನು ಬರಿದಾದ ಕಟ್ಟೆಯ ಮೇಲಿಟ್ಟು, ಹೆಂಡತಿಗೆ "ನಡೀ" ಎಂದ. ಅವಳು ಎದ್ದು ಸೆರಗು ಕೊಡವಿದಳು. ಆಗ ಸಂಕಣ್ಣನಿಗೆ ಇದ್ದಕ್ಕಿದ್ದಂತೆ ಕಟ್ಟಳೆ ನೆನಪಾಯಿತು. ಹಿಂದೆಯೇ ಓಡಿಬಂದು ಕೈ ಹಿಡಿದುಕೊಂಡ.

"ಹೋಗೂಕಿಂತ ಮೊದಲ ಆ ಕೊಳಗಾ ಒಂದು ಎತ್ತಿಟ್ಟು ಹೋಗ್ರಿ ಬೀಗರ. ಇಲ್ಲಂದ್ರ ಈ ಪ್ಯಾಟ್ಯಾಗ ನಾವು ಅಳದದ್ದನ್ನ ಯಾರೂ ಅಳತಿ ಅನ್ನೂದಿಲ್ಲ."

ಅಂದಾನಶೆಟ್ಟಿ ಮೊದಲ ಬಾರಿಗೆ ಅವನ ಮುಖ ನೋಡಿದ.

"ನಿಮ್ಮ ಕಣ್ಣಿಗೆ ಕಾಣದ ಕೊಳಗಾ ಅಂದ್ರಿ. ಕಾಣದ್ದನ್ನ ನಾ ಹ್ಯಾಂಗ ಎತ್ತಲಿ?" ಎಂದು ಕೈ ಬಿಡಿಸಿಕೊಂಡ.

ಗಂಡ ಹೆಂಡತಿ ಅಂದೇ ಗುಡ್ಡ ಹತ್ತಿದರು. ಕೊಳಗ ಗಾಳಿಗೆ ಉರುಳದಂತೆ ಸುತ್ತಲೂ, ಮೇಲೂ ಕಲ್ಲು ಪೇರಿಸಿ, ಆಚೆ ಬದಿಗೆ ಇಳಿದು ಕಣಿವೆ ದಾಟಿದರು. ಮುಂದೆ ಅವರು ಯಾವ ಊರಿನಲ್ಲಿ ಬಾಳಿದರೆಂದು ಯಾರಿಗೂ ತಿಳಿಯದು. ಮಗಳು ಮಾತ್ರ ಇಲ್ಲೇ, ಸಂಕಣ್ಣನ ಮನೆಯಲ್ಲೇ ಉಳಿದಳು. ಅವಳು ಸಾಯುವ ತನಕ ಮಾವನಿಗೆ ಹೋಳಿಗೆ ಬಡಿಸಲಿಲ್ಲ ಎನ್ನುತ್ತಾರೆ. ನಾಯಕರು ಹೋದರು, ಕೋಟೆ ಬಿತ್ತು, ಎರಡು ಕೊಳಗಗಳೂ ಎಲ್ಲೋ ಮಣ್ಣಾದವು. ಬೋರಲು ಹಾಕಿದ್ದನ್ನು ಎತ್ತಬೇಕಾದವನು ಮಾತ್ರ ತಿರುಗಿ ಬರಲಿಲ್ಲ. ಕಟ್ಟಳೆಯ ಪ್ರಕಾರ ಸಂತೆಕಣಿವೆಯ ಪೇಟೆ ಇಂದಿಗೂ ಮುಚ್ಚಿಯೇ ಇದೆ.

ನೋಡಲು ಬಂದವರಿಗೆ ಹಿರಿಯರು ಹಳೆಯ ಪೇಟೆಯ ಸಾಲನ್ನು ತೋರಿಸುತ್ತಾರೆ. ಸವೆದ ಹೊಸ್ತಿಲು ಕಲ್ಲುಗಳೆಲ್ಲ ಪೂರ್ವಕ್ಕೆ, ಗುಡ್ಡದ ಕಡೆಗೆ ಇವೆ. ಅವುಗಳ ಮೇಲೆ ಕಿಟಕಿ ಸಹ ಇಲ್ಲದ ಗೋಡೆ ಎಬ್ಬಿಸಿ, ಬಾಗಿಲುಗಳನ್ನು ಪಶ್ಚಿಮಕ್ಕೆ ತೆಗೆದಿದ್ದಾರೆ. ಸಂತೆಯ ದಿನ ಬಯಲಿನಲ್ಲಿ ಕೂರುವವರೂ ಅಷ್ಟೇ. ಮಧ್ಯಾಹ್ನದ ನಂತರ ಬಿಸಿಲು ನೇರ ಮುಖಕ್ಕೆ ಹೊಡೆದರೂ, ಕಣ್ಣು ಕಿರಿದು ಮಾಡಿಕೊಂಡು ಕೂರುತ್ತಾರೆಯೇ ಹೊರತು ಒಬ್ಬರೂ ತಿರುಗಿ ಕೂರುವುದಿಲ್ಲ. ಯಾಕೆಂದು ಕೇಳಿದರೆ ರೂಢಿ ಎನ್ನುತ್ತಾರೆ. ಕೊಳ್ಳಲು ಎದುರಿಗೆ ನಿಂತವರಿಗೆ, ಅಳೆಯುವವನ ಹೆಗಲಿನ ಮೇಲಿಂದ, ಗುಡ್ಡ ಸ್ಪಷ್ಟವಾಗಿ ಕಾಣುತ್ತದೆ.