ಹೊಳೆಯ ಅಗಲ

ಹೊಳೆದಂಡೆಯ ಆಶ್ರಮದಲ್ಲಿ ಬೊಮ್ಮಯ್ಯ ಗುರುಗಳು ಅಳತೆಯ ವಿದ್ಯೆ ಕಲಿಸುತ್ತಿದ್ದರು. ನೀರಿಗಿಳಿಯದೆ ಹೊಳೆಯ ಅಗಲ ಹೇಳಬೇಕು, ಹತ್ತದೆ ಗುಡ್ಡದ ಎತ್ತರ ಹೇಳಬೇಕು.

ಅಲ್ಲೊಂದು ಪದ್ಧತಿ. ಮೊದಲು ಗುರುಗಳು ತಮ್ಮ ಉತ್ತರ ಹೇಳುವರು, ಆಮೇಲೆ ಶಿಷ್ಯರು ತಮ್ಮದು. ಎಂಥ ಸೋಜಿಗವೋ, ಎಲ್ಲರಿಗೂ ಗುರುಗಳ ಉತ್ತರವೇ ಬಂದಿರುತ್ತಿತ್ತು!

ಅಂದು ಹೊಳೆಯ ಪಾಠ. "ನಲವತ್ತು ಮಾರು," ಎಂದರು ಗುರುಗಳು.

"ನಲವತ್ತು," "ನಲವತ್ತು," ಎಂದರು ಶಿಷ್ಯರು, ಒಬ್ಬರ ಹಿಂದೊಬ್ಬರು.

ಹೊಸದಾಗಿ ಸೇರಿದ್ದ ಪದ್ಮಲೆಯ ಸರದಿ ಬಂತು. ಅವಳ ಲೆಕ್ಕದಲ್ಲಿ ಐವತ್ತು ಬಂದಿತ್ತು.

ಹಿರಿಯ ಶಿಷ್ಯ ದೇಮಣ್ಣ ಪಿಸುಗುಟ್ಟಿದ: "ಸುಮ್ಮನೆ ನಲವತ್ತು ಅನ್ನು. ಎದುರಾಡಿದರೆ ಗಂಟುಮೂಟೆ ಕಟ್ಟಬೇಕಾದೀತು."

ಈ ವಿದ್ಯೆ ಬಿಟ್ಟು ಹೋಗುವುದೆಂದರೆ ಅವಳಿಗೆ ಜೀವ ಹೋದಷ್ಟು ಸಂಕಟ. ಆದರೂ ಬಾಯಿ ಕೇಳಲಿಲ್ಲ.

"ಐವತ್ತು, ಗುರುಗಳೇ!"



ಗುರುಗಳು ದಡಕ್ಕನೆ ಎದ್ದರು. ಕಚ್ಚೆ ಬಿಗಿದರು. ಹಗ್ಗದ ಒಂದು ತುದಿ ಅವಳ ಕೈಗಿತ್ತು, ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಂಡು ದುಡುಮ್ಮನೆ ಹೊಳೆಗೆ ಹಾರಿಯೇಬಿಟ್ಟರು!

ಆಚೆ ದಡ ಹತ್ತಿ ಕೂಗಿದರು: "ಹೇಳಮ್ಮಾ, ಈಗೇನು ಮಾಡಲಿ?"

ಪದ್ಮಲೆಗೆ ಭಯವೇ ಮರೆತುಹೋಯಿತು. "ಹಗ್ಗ ಜೋಲುತ್ತಿದೆ, ಎಳೀರಿ! ಇನ್ನೂ ಬಿಗಿಯಾಗಿ! ಅಯ್ಯೋ, ಅಲುಗಾಡಬೇಡಿ ಗುರುಗಳೇ! ಹಾಂ, ಅಲ್ಲೇ ಗಂಟು ಹಾಕಿ!"

ಅವಳು ಹೇಳಿದ್ದನ್ನೆಲ್ಲ ಗುರುಗಳು ಚಾಚೂ ತಪ್ಪದೆ ಮಾಡಿದರು. ದೇಮಣ್ಣ ಕಿವಿ ಮುಚ್ಚಿಕೊಂಡ.

ಗುರುಗಳು ಈಜಿ ಮರಳಿದ ಮೇಲೆ ಹಗ್ಗವನ್ನು ಗಂಟಿನವರೆಗೆ ಎರಡೂ ತೋಳು ಚಾಚಿ ಮಾರು ಹಾಕಿದರು. ನಲವತ್ತು. ಒಂದು ಗೇಣೂ ಹೆಚ್ಚಿಲ್ಲ.

ಪದ್ಮಲೆಯ ಕಣ್ಣು ತುಂಬಿತು. "ತಪ್ಪು ನನ್ನದೇ, ಗುರುಗಳೇ. ಹೊರಡುತ್ತೇನೆ."

"ಹೊರಡೋದೆಲ್ಲಿಗೆ?" ಗುರುಗಳು ಒದ್ದೆ ಮೈಯಲ್ಲೇ ಮಗುವಿನಂತೆ ನಗುತ್ತಿದ್ದರು. "ಇಷ್ಟು ವರ್ಷ ಇವರೆಲ್ಲ ನಾನು ಹೇಳಿದ್ದನ್ನೇ ಹೇಳಿದರು. ನನ್ನ ಅಳತೆ ಸರಿಯೋ ತಪ್ಪೋ ನನಗೆ ಒಂದು ದಿನವೂ ಗೊತ್ತಾಗಲಿಲ್ಲ. ಇವತ್ತು ಗೊತ್ತಾಯಿತಲ್ಲ! ಬಾ, ನಿನ್ನ ಲೆಕ್ಕ ಎಲ್ಲಿ ಜಾರಿತು ನೋಡೋಣ."

ಇಬ್ಬರೂ ಮರಳಿನ ಮೇಲೆ ಒಟ್ಟಿಗೆ ಬಗ್ಗಿ ಕೂತರು. ಅವಳ ಖುಷಿಗೆ ಪಾರವೇ ಇರಲಿಲ್ಲ.

ದೇಮಣ್ಣ ತಲೆ ಕೆರೆದುಕೊಳ್ಳುತ್ತಾ ಹತ್ತಿರ ಬಂದ. "ಗುರುಗಳೇ, ನಾಳೆ ಗುಡ್ಡದ ಪಾಠ. ಅದರ ಎತ್ತರ ಎಷ್ಟು?"

"ಮೊದಲು ನೀನು ಹೇಳು ಮಾರಾಯ. ನನ್ನದಕ್ಕೆ ಹೊಂದದಿದ್ದರೆ ಇಬ್ಬರೂ ಕೂಡಿಯೇ ಹತ್ತೋಣ."