ಹುಣಸೆಮರ ದಾಟಿದ ಗೋಡೆ

“ಗುರುಗಳೇ, ನಾನು ನಿಂತಲ್ಲೇ ನಿಂತಿದ್ದೇನೆ. ನನ್ನ ಗೆಳೆಯನೇ ದೂರ ಸರಿದ. ಹೀಗಿದ್ದೂ ನಿದ್ದೆ ಬಾರದಿರುವುದು ನನಗೇ. ಇದು ಯಾವ ನ್ಯಾಯ?” ಎಂದು ಶಿಷ್ಯ ಕೇಳಿದ.

ಹೀಗೆ ಕೇಳುವಾಗಲೂ ಅವನು ಕಂಬದಿಂದ ಬಾಗಿಲಿಗೆ, ಬಾಗಿಲಿನಿಂದ ಕಂಬಕ್ಕೆ ಓಡಾಡುತ್ತಲೇ ಇದ್ದ. ಗುರುಗಳು ಅದನ್ನು ನೋಡಿದರು. ನೋಡುತ್ತಲೇ ಒಂದು ಕತೆ ಶುರುಮಾಡಿದರು.

ಒಬ್ಬ ರೈತನಿದ್ದ. ಅವನ ಹೊಲಕ್ಕೂ ನೆರೆಯವನ ಹೊಲಕ್ಕೂ ನಡುವೆ ಒಂದು ಕಲ್ಲುಗೋಡೆ. ರೈತನ ತಂಗಿಯನ್ನು ಆ ನೆರೆಯವನಿಗೇ ಕೊಟ್ಟಿತ್ತು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಎರಡೂ ಮನೆಯವರು ತೆಂಗಿನಕಾಯಿ ಒಡೆದು, ಗೋಡೆಯ ಎರಡು ತುದಿಯ ಗಡಿಗಲ್ಲುಗಳಿಗೆ ಹಗ್ಗ ಬಿಗಿಯುತ್ತಿದ್ದರು. ಹಗ್ಗದಾಚೆಗೆ ಉಬ್ಬಿದ ಕಲ್ಲುಗಳನ್ನು ಹಾರೆಯಿಂದ ಮೀಟಿ ನೇರಕ್ಕೆ ತರುತ್ತಿದ್ದರು. ಅಜ್ಜಂದಿರ ಕಾಲದಿಂದ ನಡೆದುಬಂದ ಕೆಲಸ ಇದು. ಉಬ್ಬು ಯಾಕೆ ಬರುತ್ತದೆ ಎಂದು ಅಜ್ಜಂದಿರು ಕೇಳಿರಲಿಲ್ಲ. ಇವರು ಕೇಳಿದರು.

ಗೋಡೆಯ ಮೂಡಣ ಅರ್ಧ ರೈತನ ಹೊಲದ ಕಡೆಗೆ ಉಬ್ಬುತ್ತಿತ್ತು, ಪಡುವಣ ಅರ್ಧ ನೆರೆಯವನ ಹೊಲದ ಕಡೆಗೆ. ಇಬ್ಬರೂ ತಮ್ಮ ಕಡೆಗೆ ಬಂದ ಉಬ್ಬನ್ನು ಮಾತ್ರ ನೋಡಿದರು. ಇಬ್ಬರಿಗೂ ಕಳ್ಳ ಸಿಕ್ಕಿದ.

ಪಡುವಣ ಅರ್ಧದಲ್ಲಿ ಒಂದು ಹುಣಸೆಮರವಿತ್ತು. ರೈತನ ಅಜ್ಜ ಅದನ್ನು ಗೋಡೆಯ ಈಚೆಗೆ, ತನ್ನ ಹೊಲದಲ್ಲೇ ನೆಟ್ಟಿದ್ದ. ವರ್ಷ ಕಳೆದಂತೆ ಅದರ ಬುಡ ಗೋಡೆಯೊಳಗೆ ಸೇರಿಕೊಂಡಿತ್ತು. ಈ ಸಲ ಹಗ್ಗ ಹಿಡಿದು ಕಲ್ಲು ಸರಿಸಿದಾಗ ಮರ ಪೂರ್ತಿ ಆಚೆಗೆ ಉಳಿಯಿತು.

“ಅಜ್ಜನ ಮರ ನಿನ್ನ ಹೊಲಕ್ಕೆ ಹೇಗೆ ಬಂತು?” ಎಂದ ರೈತ.

“ನಡೆದುಕೊಂಡು ಬಂದಿರಬೇಕು ಭಾವ. ನಿಮ್ಮಲ್ಲಿ ನೀರು ಸರಿಯಾಗಿ ಕೊಡಲಿಲ್ಲವೇನೋ,” ಎಂದ ನೆರೆಯವನು.

ಅಲ್ಲಿಗೆ ಮಾತು ನಿಂತಿತು. ತಂಗಿ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಕರೆತರುವ ಸಮಯ. ಮರ ಹಿಂದೆ ಬರುವ ತನಕ ಆ ಹೊಸ್ತಿಲು ತುಳಿಯುವುದಿಲ್ಲ ಎಂದು ರೈತ ಹಟ ಹಿಡಿದ. ಕರೆಯಲು ಬಾರದ ಮನೆಗೆ ಹೆಂಡತಿಯನ್ನು ಕಳಿಸುವುದಿಲ್ಲ ಎಂದು ನೆರೆಯವನೂ ಹಟ ಹಿಡಿದ. ತಾಯಿ ಬಾಣಂತನಕ್ಕೆಂದು ಒಟ್ಟಿದ ಸೌದೆ ಹಾಗೇ ಬಿದ್ದಿತ್ತು. ತಂಗಿಗೆ ತವರಿನ ಹೊಗೆ ಕಾಣುತ್ತಿತ್ತು, ಹೋಗುವ ಹಾಗಿರಲಿಲ್ಲ.

ರೈತನಿಗೂ ನೆಮ್ಮದಿ ಇರಲಿಲ್ಲ. ಉಂಡ ಕೈ ತೊಳೆದವನೇ ಗೋಡೆ ನೋಡಲು ಹೋಗುವನು. ಬಂದು ಕೂತವನೇ ಮತ್ತೆ ಏಳುವನು. ಆಚೆ ನೆರೆಯವನೂ ಅದನ್ನೇ ಮಾಡುತ್ತಿದ್ದ. ಅಷ್ಟು ಕಾವಲು ಯಾವ ಕೋಟೆಗೂ ಇದ್ದಿರಲಾರದು.

ಆ ಗೋಡೆಯಿಂದ ಸ್ವಲ್ಪ ದೂರದಲ್ಲಿ, ಅದರ ಉದ್ದಕ್ಕೇ, ಊರ ಕಾಲುವೆ ಹರಿಯುತ್ತಿತ್ತು. ದಿನವೂ ಅಲ್ಲಿಗೆ ನೀರಿಗೆ ಹೋಗುತ್ತಿದ್ದ ತಂಗಿ ಒಂದು ಸಂಜೆ ಕೊಡ ಇಳಿಸಿ, ಇಬ್ಬರೂ ಕಾವಲು ನಿಂತಿದ್ದ ಗೋಡೆಯ ಹತ್ತಿರ ಬಂದಳು.

“ಅಣ್ಣ, ಗೋಡೆಯನ್ನು ಇವರೇ ಸರಿಸಿದರು ಅಂತಿಟ್ಟುಕೋ. ಇಲ್ಲಿಗೆ ನೇರವಾಗಿ ಕಾಲುವೆಯೂ ಸೊಟ್ಟಗಾಗಿದೆಯಲ್ಲ, ಅದನ್ನು ಸರಿಸಿ ಯಾರಿಗೆ ಏನು ಸಿಕ್ಕಿತು?” ಎಂದಳು.

ರೈತನೂ ನೆರೆಯವನೂ ಹೋಗಿ ನೋಡಿದರು. ಗೋಡೆ ತಿರುಗಿದ ಕಡೆಗೇ ಕಾಲುವೆಯೂ ತಿರುಗಿತ್ತು. ಅದಕ್ಕೆ ಯಾರೂ ಹಗ್ಗ ಹಿಡಿದಿರಲಿಲ್ಲವಾಗಿ ಸೊಟ್ಟ ಇನ್ನೂ ದೊಡ್ಡದಾಗಿತ್ತು.

ಓಡಾಡುತ್ತಿದ್ದ ಶಿಷ್ಯ ನಿಂತ. ಹಾಗಾದರೆ ಸರಿಸಿದ್ದು ಯಾರು ಎಂದು ಕೇಳಿದ.

“ನೆಲ,” ಎಂದರು ಗುರುಗಳು. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುತ್ತದೆ, ನಾವು ನೆಲ ಅನ್ನುವುದು ಅಂಥದೊಂದು ಕೆನೆ. ಅದರ ಅಡಿಯಲ್ಲಿ ಕೆಂಪಗೆ ಕಾದ ಬಂಡೆ, ಕರಗದೆಯೂ ಮೆಲ್ಲಗೆ ಹೊರಳುತ್ತಿರುತ್ತದೆ. ಅದಕ್ಕೂ ಅಡಿಯಲ್ಲಿ ಕರಗಿದ ಕಬ್ಬಿಣ. ನಟ್ಟನಡುವೆ ಮತ್ತೆ ಗಟ್ಟಿ ಕಬ್ಬಿಣ, ಎಷ್ಟು ಕಾದರೂ ಕರಗಲು ಬಿಡದಷ್ಟು ಭಾರ ಅದರ ಮೇಲಿದೆ. ಮೇಲಿನ ಕೆನೆ ಒಂದೇ ತುಂಡಲ್ಲ. ತುಂಡುಗಳು ಉಗುರು ಬೆಳೆಯುವಷ್ಟು ನಿಧಾನವಾಗಿ ಒಂದನ್ನೊಂದು ಉಜ್ಜುತ್ತ ಸರಿಯುತ್ತವೆ. ಗೋಡೆಯ ಅರ್ಧ ಒಂದು ತುಂಡಿನ ಮೇಲಿತ್ತು, ಉಳಿದರ್ಧ ಇನ್ನೊಂದರ ಮೇಲೆ.

ಗೋಡೆ ತನ್ನ ಮಣ್ಣಿನೊಂದಿಗೇ ಸರಿದಿತ್ತು. ಅಂದರೆ ಸೊಟ್ಟಗಿದ್ದಾಗಲೇ ಗಡಿ ಸರಿಯಾಗಿತ್ತು. ಅದನ್ನು ನೇರ ಮಾಡಿ ಮಾಡಿ ಎರಡೂ ಮನೆಯವರು, ಕಾಯಿ ಒಡೆದು, ಎಲ್ಲರೆದುರಿಗೇ, ಒಬ್ಬರ ಮಣ್ಣನ್ನು ಇನ್ನೊಬ್ಬರು ತೆಗೆದುಕೊಂಡಿದ್ದರು.

ರೈತ ಅಂದೇ ಗೋಡೆಯ ಕಲ್ಲು ಕೆಡವಿ, ಆಚೆಗೆ ಹೋಗಿ, ಹೊಸ್ತಿಲು ತುಳಿದು ತಂಗಿಯನ್ನು ಕರೆದ. ಅವಳು ದಾಟುವ ಮುಂಚೆ ಮರದಿಂದ ಹುಣಸೆಕಾಯಿ ಕಿತ್ತುಕೊಂಡಳು. ಯಾರ ಮರವೆಂದು ಕೇಳಲಿಲ್ಲ. ಹೆರಿಗೆ ಸುಸೂತ್ರವಾಯಿತು.

ರೈತನಿಗೆ ಮಾತ್ರ ಆಮೇಲೂ ನಿದ್ದೆ ಹತ್ತಲಿಲ್ಲ. ಕಳ್ಳನಿದ್ದಾಗ ಬೈಯಲು ಒಬ್ಬನಾದರೂ ಇದ್ದ. ಈಗ ಬೆಳಿಗ್ಗೆ ಎದ್ದು ಕಾಲು ಊರುವ ಮೊದಲು ಒಮ್ಮೆ ನೆಲವನ್ನೇ ನೋಡುತ್ತಿದ್ದ. ಮರುವರ್ಷ ಇಬ್ಬರೂ ಮತ್ತೆ ಹಗ್ಗ ಬಿಗಿದರು. ಹಾರೆಯನ್ನು ಯಾರೂ ತರಲಿಲ್ಲ.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೂ ಗೆಳೆಯ ಸರಿದದ್ದು ನಿಜ ತಾನೇ?” ಎಂದ.

“ನಿಜ. ನೀನು ನಿಂತಲ್ಲೇ ನಿಂತಿದ್ದೇನೆ ಎಂದೆಯಲ್ಲ, ಯಾವುದರ ಮೇಲೆ?”